ಉಗಾದಿಯಿಂದ ಪುಷ್ಯದ ಅಮಾವಾಸ್ಯೆವರೆಗೆ: ದೊಡ್ಡವರಾದ ಮೇಲೆ ಸಂಗೀತ ಕಲಿಯುವ ಗುರಿಯನ್ನು ದಡ ಮುಟ್ಟಿಸುವ ಬಗೆ

ವಿಜಯದಶಮಿ ಕಳೆದ ವಾರ ನಮ್ಮ ಸಂಗೀತದ ಮೇಡಂ ಮನೆಯ ನಡುಮನೆಯಲ್ಲಿ ಜಮಖಾನ ಸಾಲುವುದಿಲ್ಲ. ಬ್ಯಾಂಕಿನವರು, ಮೇಷ್ಟ್ರುಗಳು, ಮಕ್ಕಳನ್ನು ಶಾಲೆಗೆ ಬಿಟ್ಟು ಹಾಗೇ ಬರುವ ತಾಯಂದಿರು, ನಿವೃತ್ತರು. ಎಲ್ಲರ ಬಾಯಲ್ಲೂ ಒಂದೇ ಮಾತು: "ಚಿಕ್ಕಂದಿನಲ್ಲಿ ಜಂಟಿ ವರಸೆವರೆಗೆ ಆಗಿತ್ತು, ಆಮೇಲೆ ಬಿಟ್ಟುಹೋಯ್ತು, ಈ ಸಲ ಬಿಡಲ್ಲ." (ಜಂಟಿ ವರಸೆ ಎಂದರೆ ಸಂಗೀತದ ಶುರುವಿನ ಪಾಠಗಳಲ್ಲಿ ಒಂದು.) ಸಂಕ್ರಾಂತಿ ಹೊತ್ತಿಗೆ ಅದೇ ಜಮಖಾನದ ಮೇಲೆ ನಾಲ್ಕೈದು ಜನ ಉಳಿದಿರುತ್ತಾರೆ.

ಹಾಗೆ ಬಿಟ್ಟುಹೋದವರಲ್ಲಿ ನಾನೂ ಒಬ್ಬಳು. ಮೂವತ್ತೇಳನೇ ವಯಸ್ಸಿನಲ್ಲಿ ಸೇರಿ ಮೂರು ತಿಂಗಳಿಗೆ ನಿಲ್ಲಿಸಿದೆ. ನಾಲ್ಕು ವರ್ಷ ಬಿಟ್ಟು ಮತ್ತೆ ಶುರು ಮಾಡಿದಾಗ ಗಂಟಲು ಅದೇ, ಕಚೇರಿ ಅದೇ, ದಿನಕ್ಕೆ ಸಿಗುವ ಸಮಯವೂ ಅಷ್ಟೇ. ಬದಲಾದದ್ದು ಗುರಿ ಇಟ್ಟುಕೊಂಡ ರೀತಿ. ಉತ್ಸಾಹವಿದ್ದರೆ ಅಭ್ಯಾಸ ನಡೆಯುತ್ತದೆ ಎಂದು ಮೊದಲ ಸಲ ನಂಬಿದ್ದೆ. ನನ್ನ ಅನುಭವದಲ್ಲಿ ಅದು ತಿರುಗುಮುರುಗು. ನಿನ್ನೆ ಕೂರದ ಸ್ವರ ಇವತ್ತು ಕೂತದ್ದು ಕಿವಿಗೆ ಕೇಳಿಸಿದರೆ ಉತ್ಸಾಹ ತಾನಾಗಿ ಹಿಂದೆ ಬರುತ್ತದೆ. ಹಾಗೆ ಕೇಳಿಸುವಷ್ಟು ಸಣ್ಣದಾಗಿ ಗುರಿಯನ್ನು ತುಂಡು ಮಾಡಿಕೊಳ್ಳುವುದೇ ಇಲ್ಲಿನ ಮುಖ್ಯ ಕೆಲಸ.

ನಿಮ್ಮ ಗುರಿ ಈಜು, ಇಲಾಖಾ ಪರೀಕ್ಷೆ ಅಥವಾ ಹೊಸದೊಂದು ಭಾಷೆಯಾಗಿದ್ದರೂ ಕ್ರಮ ಬಹುಪಾಲು ಇದೇ. ಉದಾಹರಣೆಗಳನ್ನು ಮಾತ್ರ ನಾನು ಬಲ್ಲ ಸಂಗೀತದಿಂದಲೇ ಕೊಡುತ್ತೇನೆ.

1. ಆಸೆಗೆ ಒಂದು ತಾರೀಖು ಕೊಡಿ

"ಸಂಗೀತ ಕಲಿಯಬೇಕು" ಎನ್ನುವುದು ಆಸೆ. ಅದು ಯಾವತ್ತು ಮುಗಿಯಿತು ಎಂದು ಹೇಳಲು ಬರುವುದಿಲ್ಲ, ಹಾಗಾಗಿ ಯಾವತ್ತು ಶುರು ಮಾಡಬೇಕು ಎಂಬ ಒತ್ತಡವೂ ಇರುವುದಿಲ್ಲ. ಎರಡನೇ ಸಲ ನಾನು ಒಂದು ಹಾಳೆಯಲ್ಲಿ ಬರೆದದ್ದು ಇದು: "ಬರುವ ಪುಷ್ಯ ಬಹುಳ ಅಮಾವಾಸ್ಯೆ, ಪುರಂದರದಾಸರ ಆರಾಧನೆಯ ದಿನ, ನಮ್ಮ ಬಡಾವಣೆಯ ರಾಮಮಂದಿರದ ಗೋಷ್ಠಿಗಾಯನದಲ್ಲಿ ನಾಲ್ಕು ಪಿಳ್ಳಾರಿ ಗೀತೆಗಳನ್ನು ಪುಸ್ತಕ ನೋಡದೆ, ತಾಳ ತಪ್ಪದೆ ಹಾಡುತ್ತೇನೆ." (ಗೋಷ್ಠಿಗಾಯನವೆಂದರೆ ಎಲ್ಲರೂ ಒಟ್ಟಿಗೆ ಕೂತು ಹಾಡುವುದು, ಪಿಳ್ಳಾರಿ ಗೀತೆಗಳೆಂದರೆ ಕಲಿಯುವವರಿಗೆ ಮೊದಲು ಹೇಳಿಕೊಡುವ ಪುಟ್ಟ ಹಾಡುಗಳು.)

ಇದರಲ್ಲಿ ದಿನವಿದೆ, ಜಾಗವಿದೆ, ಎಷ್ಟು ಎಂಬ ಲೆಕ್ಕವಿದೆ, ಆಯಿತೋ ಇಲ್ಲವೋ ಎಂದು ಬೇರೆಯವರೂ ಹೇಳಬಲ್ಲ ಗುರುತಿದೆ. ಎಡ್ವಿನ್ ಲಾಕ್ ಮತ್ತು ಗ್ಯಾರಿ ಲೇಥಮ್ ಎಂಬ ಮನೋವಿಜ್ಞಾನಿಗಳು ದಶಕಗಳ ಕಾಲ ಕೆಲಸ ಮಾಡಿ ಹೇಳಿದ್ದೂ ಇದನ್ನೇ: "ಕೈಲಾದಷ್ಟು ಮಾಡು" ಅಂದಾಗ ಆಗುವ ಕೆಲಸಕ್ಕಿಂತ, ಸ್ಪಷ್ಟವಾದ, ಸ್ವಲ್ಪ ಕಷ್ಟವೇ ಆದ ಗುರಿ ಕೊಟ್ಟಾಗ ಆಗುವ ಕೆಲಸ ಹೆಚ್ಚು.

ಕೆಲವರು ಸಂಗೀತದ ಜೂನಿಯರ್ ಪರೀಕ್ಷೆಯನ್ನೇ ಗುರಿ ಮಾಡಿಕೊಳ್ಳುತ್ತಾರೆ. ಅದೂ ಒಳ್ಳೆಯದೇ. ಆದರೆ ಮೊದಲ ವರ್ಷಕ್ಕೆ ನಾನು ಗೋಷ್ಠಿಯನ್ನೇ ಹೇಳುತ್ತೇನೆ. ಪರೀಕ್ಷಕರ ಎದುರು ಒಬ್ಬರೇ ಕೂರುವ ಭಯ ಅಲ್ಲಿಲ್ಲ, ಪಕ್ಕದವರ ಸ್ವರ ನಿಮ್ಮ ಸ್ವರವನ್ನು ಹಿಡಿದುಕೊಳ್ಳುತ್ತದೆ. ಆದರೂ ನೀವು ಹಾಡುತ್ತಿದ್ದೀರೋ ಬರೀ ಬಾಯಿ ಆಡಿಸುತ್ತಿದ್ದೀರೋ ನಿಮಗೆ ಗೊತ್ತಿರುತ್ತದೆ.

ಅದೇ ಹಾಳೆಯ ಹಿಂಬದಿಯಲ್ಲಿ "ಯಾಕೆ" ಎಂದು ಬರೆಯಿರಿ. ಮೊದಲ ಸಲ ನನ್ನ ಪ್ರಾಮಾಣಿಕ ಉತ್ತರ, ನಾಲ್ಕು ಜನ ಚೆನ್ನಾಗಿ ಹಾಡ್ತೀರಿ ಅನ್ನಲಿ ಎಂಬುದಾಗಿತ್ತು. ಹೊಗಳುವಷ್ಟು ಹಾಡಲು ವರ್ಷಗಳು ಬೇಕು, ಅಲ್ಲಿಯವರೆಗೆ ಆ ಕಾರಣ ಕೈಗೆ ಏನನ್ನೂ ಕೊಡುವುದಿಲ್ಲ. ಎರಡನೇ ಸಲ ಬರೆದದ್ದು: ಅಮ್ಮನಿಗೆ ಗೊತ್ತಿರುವ ಗೀತೆಗಳನ್ನು ಅಮ್ಮ ಇರುವಾಗಲೇ ಅವಳ ಜೊತೆ ಕೂತು ಹಾಡಬೇಕು. ಈ ಕಾರಣ ಮೊದಲನೇ ವಾರದಿಂದಲೇ ಫಲ ಕೊಟ್ಟಿತು, ಯಾಕೆಂದರೆ ಫೋನಿನಲ್ಲಿ ಅಮ್ಮ ಸರಳೆಯನ್ನು, ಅಂದರೆ ಮೊಟ್ಟಮೊದಲ ಸ್ವರಪಾಠವನ್ನು, ಒಪ್ಪಿಸಿಕೊಳ್ಳುತ್ತಿದ್ದಳು.

2. ಹಿಂದಿನಿಂದ ಮುಂದಕ್ಕೆ ಎಣಿಸಿ

ಉಗಾದಿಯಿಂದ ಪುಷ್ಯದ ಅಮಾವಾಸ್ಯೆಗೆ ಹತ್ತು ಚಾಂದ್ರಮಾನ ತಿಂಗಳು, ಅಂದರೆ ಸುಮಾರು 42 ವಾರ. ನನ್ನ ಕೈಯಲ್ಲಿದ್ದದ್ದು ವಾರಕ್ಕೆ ಆರು ದಿನ, ದಿನಕ್ಕೆ 25 ನಿಮಿಷ. ವಾರಕ್ಕೆ 150 ನಿಮಿಷದಂತೆ 42 ವಾರಕ್ಕೆ 105 ಗಂಟೆ. ಈ ಲೆಕ್ಕ ಮಾಡಿದ ದಿನ ನನಗೆ ಎರಡು ವಿಷಯ ಗೊತ್ತಾಯಿತು. 105 ಗಂಟೆಯಲ್ಲಿ ಸಂಗೀತ ಕಛೇರಿ ಮಾಡಲು ಬರುವುದಿಲ್ಲ. ಆದರೆ ನಾಲ್ಕು ಗೀತೆ ಖಂಡಿತ ಬರುತ್ತವೆ.

ಕೊನೆಯಿಂದ ಹಂಚಿದೆ. ಪುಷ್ಯ ಪೂರ್ತಿ ಮೀಸಲು, ಹೊಸ ಪಾಠವಿಲ್ಲ. ಕಾರ್ತಿಕ, ಮಾರ್ಗಶಿರ ಗೀತೆಗಳಿಗೆ. ಭಾದ್ರಪದ, ಆಶ್ವಯುಜ ಅಲಂಕಾರಗಳಿಗೆ, ಅಂದರೆ ಸ್ವರಗಳನ್ನು ಬೇರೆ ಬೇರೆ ತಾಳಗಳಲ್ಲಿ ಹಾಡುವ ಪಾಠಕ್ಕೆ. ಆಷಾಢ, ಶ್ರಾವಣ ಸ್ವರಗಳನ್ನು ಜೋಡಿಯಾಗಿ ಹೇಳುವ ಜಂಟಿ ಮತ್ತು ಸ್ವರ ದಾಟಿ ಹೇಳುವ ದಾಟು ವರಸೆಗೆ. ಚೈತ್ರದಿಂದ ಜ್ಯೇಷ್ಠದವರೆಗೆ ಸರಳೆ ವರಸೆ. ಮೀಸಲು ತಿಂಗಳನ್ನು ದಯವಿಟ್ಟು ಬಿಡಬೇಡಿ. ಮನೆಯಲ್ಲಿ ಒಂದು ಮದುವೆ, ಒಂದು ಜ್ವರ, ಕಚೇರಿಯಲ್ಲಿ ಒಂದು ಲೆಕ್ಕಪರಿಶೋಧನೆ ಬಂದೇ ಬರುತ್ತವೆ. ನನ್ನ ಮೀಸಲಿನಲ್ಲಿ ಕೊನೆಗೆ ಉಳಿದದ್ದು ಒಂಬತ್ತೇ ದಿನ.

3. ವಾರದ ತುತ್ತು ಎಷ್ಟು ಸಣ್ಣದಿರಬೇಕು?

ಈ ಹಂತ ಎಲ್ಲಕ್ಕಿಂತ ಮುಖ್ಯ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕರ್ನಾಟಕ ಸಂಗೀತದ ಪಿತಾಮಹ ಎಂದು ನಾವು ಕರೆಯುವ ಪುರಂದರದಾಸರು ಮೊದಲ ಪಾಠಗಳಿಗೆ ಮಾಯಾಮಾಳವಗೌಳ ರಾಗವನ್ನು ಗೊತ್ತುಮಾಡಿದರು ಎನ್ನುವುದು ಪರಂಪರೆಯ ಮಾತು. 72 ಮೇಳಕರ್ತಗಳಲ್ಲಿ, ಅಂದರೆ ಮೂಲ ರಾಗಗಳಲ್ಲಿ, ಅದು 15ನೆಯದು. ಅದರ ರಚನೆಯನ್ನು ಗಮನಿಸಿ: ಸ-ರಿ ನಡುವಿನ ಅಂತರ ಎಷ್ಟೋ ಪ-ದ ನಡುವೆಯೂ ಅಷ್ಟೇ. ರಿ-ಗ ಹೇಗೋ ದ-ನಿ ಹಾಗೆ, ಗ-ಮ ಹೇಗೋ ನಿಯಿಂದ ಮೇಲಿನ ಸ ಹಾಗೆ. ಕೆಳಗಿನ ನಾಲ್ಕು ಸ್ವರ ಗಂಟಲಿಗೆ ಕೂತರೆ ಮೇಲಿನ ನಾಲ್ಕಕ್ಕೆ ಅದೇ ಅಳತೆ ಸಿಕ್ಕಂತೆ. ಆಮೇಲೆ ಪ್ರತಿ ವರಸೆಯೂ ಮೂರು ಕಾಲದಲ್ಲಿ: ತಾಳದ ಒಂದು ಅಕ್ಷರಕ್ಕೆ, ಅಂದರೆ ಒಂದು ಎಣಿಕೆಗೆ, ಮೊದಲು ಒಂದು ಸ್ವರ, ನಂತರ ಎರಡು, ನಂತರ ನಾಲ್ಕು. ಹೊಸ ಸ್ವರ ಕಲಿಯದೆಯೇ ಮುಂದೆ ಹೋಗಿದ್ದೇನೆ ಎಂದು ಕಲಿಯುವವರಿಗೆ ಪ್ರತಿ ವಾರ ಗೊತ್ತಾಗುವ ವ್ಯವಸ್ಥೆ ಇದು. ಗುರಿಯನ್ನು ಮೆಟ್ಟಿಲು ಮಾಡುವುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಕಂಡಿಲ್ಲ, ಅದೂ ನೂರಾರು ವರ್ಷದಿಂದ ನಮ್ಮ ನಡುಮನೆಗಳಲ್ಲೇ ಇದೆ.

ಇಷ್ಟಿದ್ದೂ ನಾನು ಜಂಟಿ ವರಸೆಯಲ್ಲಿ ಸಿಕ್ಕಿಬಿದ್ದೆ. ಸಸ ರಿರಿ ಗಗ ಮಮ ಎಂದು ಪ್ರತಿ ಸ್ವರವನ್ನೂ ಎರಡು ಸಲ ಹೇಳಬೇಕು, ಎರಡನೆಯದಕ್ಕೆ ಒತ್ತು ಬೀಳಬೇಕು. ಮೂರನೇ ಕಾಲಕ್ಕೆ ಬಂದರೆ ದದ ನಿನಿ ಎರಡೂ ಕಲಸಿಹೋಗಿ "ದಾನೀ" ಆಗುತ್ತಿತ್ತು. ಮೂರು ವಾರ ಅದೇ ಕಥೆ. ನಾಲ್ಕನೇ ವಾರ ಮೇಡಂ ಶ್ರುತಿಯ ನಾದವನ್ನು ನಿಲ್ಲಿಸಿ ಹೇಳಿದರು: "ನಿಮಗೆ ಬರ್ತಿಲ್ಲ ಅಂತಲ್ಲ ಕಣ್ರೀ. ಏಳೂ ಸ್ವರ ಒಂದೇ ಸಲ ಗೆಲ್ಲೋಕೆ ಹೊರಟಿದ್ದೀರಿ. ಈ ವಾರ ಸರಿಗಮ ಮುಟ್ಟಲೇಬೇಡಿ. ಬರೀ ದದ ನಿನಿ, ದದ ನಿನಿ ಹೇಳ್ಕೊಂಡು ಬನ್ನಿ. ಅದೂ ನಿಧಾನಕ್ಕೆ."

ಲಯಕ್ಕೆ ಸರಿಯಾಗಿ ಪೆಟ್ಟು ಹಾಕುವ ಮೆಟ್ರೊನೋಮನ್ನು ನಿಮಿಷಕ್ಕೆ 40 ಪೆಟ್ಟಿಗೆ ಇಟ್ಟೆ. ಮೂರನೇ ಕಾಲದಲ್ಲಿ ಅದು ನಿಮಿಷಕ್ಕೆ 160 ಸ್ವರ. "ಜಂಟಿ ಬರಬೇಕು" ಎಂಬ ಗುರಿ ಹೋಗಿ "ಶನಿವಾರದೊಳಗೆ 40ರಿಂದ 44" ಎಂಬ ಗುರಿ ಬಂತು. ಶುಕ್ರವಾರವೇ 44 ಬಂತು. ಆವತ್ತು ಅಡುಗೆಮನೆಯಲ್ಲೂ ದದ ನಿನಿ ಹೇಳುತ್ತಾ ಇದ್ದೆ, ಯಾರೂ ಹುರಿದುಂಬಿಸಬೇಕಾಗಿರಲಿಲ್ಲ. 50ಕ್ಕೆ, ಅಂದರೆ ನಿಮಿಷಕ್ಕೆ 200 ಸ್ವರಕ್ಕೆ, ಏಳೂ ಸ್ವರ ಸೇರಿಸಿ ಮುಟ್ಟಲು ಇನ್ನೂ ಐದು ವಾರ ಬೇಕಾಯಿತು. ಆದರೆ ಆ ಐದು ವಾರದಲ್ಲಿ ಬಿಟ್ಟುಬಿಡೋಣ ಎಂಬ ಯೋಚನೆ ಒಂದು ದಿನವೂ ಬರಲಿಲ್ಲ.

1981ರಲ್ಲಿ ಆಲ್ಬರ್ಟ್ ಬಂಡೂರ ಮತ್ತು ಡೇಲ್ ಶಂಕ್ ಗಣಿತದಲ್ಲಿ ಹಿಂದುಳಿದ ಮಕ್ಕಳ ಜೊತೆ ಮಾಡಿದ ಪ್ರಯೋಗ ಇದನ್ನೇ ತೋರಿಸುತ್ತದೆ. ವ್ಯವಕಲನದ 42 ಪುಟ, ಏಳು ತರಗತಿ. ಒಂದು ಗುಂಪಿಗೆ ದಿನಕ್ಕೆ ಆರು ಪುಟದ ಗುರಿ, ಇನ್ನೊಂದಕ್ಕೆ ಕೊನೆಯ ದಿನದೊಳಗೆ 42 ಪುಟ, ಮತ್ತೊಂದಕ್ಕೆ ಗುರಿಯೇ ಇಲ್ಲ. ಆರು ಪುಟದ ಮಕ್ಕಳು ಲೆಕ್ಕದಲ್ಲಷ್ಟೇ ಅಲ್ಲ, ತಮ್ಮ ಮೇಲಿನ ನಂಬಿಕೆಯಲ್ಲೂ ಲೆಕ್ಕದ ಮೇಲಿನ ಆಸಕ್ತಿಯಲ್ಲೂ ಮುಂದಿದ್ದರು. ಆಸಕ್ತಿಯೇ ಇಲ್ಲದಿದ್ದ ವಿಷಯದಲ್ಲಿ ಆಸಕ್ತಿ ಹುಟ್ಟಿತು ಎನ್ನುವುದನ್ನು ಗಮನಿಸಿ.

ಹಾಗಾದರೆ ವಾರದ ತುತ್ತನ್ನು ಅಳೆಯುವುದು ಹೇಗೆ? ನಾನು ಇಟ್ಟುಕೊಂಡ ಪರೀಕ್ಷೆ ಒಂದೇ: ಶನಿವಾರ ಮನೆಯವರ ಎದುರು ಒಂದು ನಿಮಿಷದಲ್ಲಿ ತೋರಿಸಲು ಬರಬೇಕು. ಅದಕ್ಕಿಂತ ದೊಡ್ಡದಾದರೆ ಎರಡು ಭಾಗ ಮಾಡಿ. ಸತತ ಎರಡು ವಾರ ಆಗಲಿಲ್ಲವೆಂದರೆ ತುತ್ತು ದೊಡ್ಡದಾಯಿತು ಎಂದರ್ಥ, ನಿಮ್ಮಲ್ಲಿ ಕೊರತೆಯಿದೆ ಎಂದಲ್ಲ. ಮತ್ತೆ ಕತ್ತರಿಸಿ.

4. ಅಭ್ಯಾಸವನ್ನು ಯಾವುದಾದರೂ ಗೂಟಕ್ಕೆ ಕಟ್ಟಿ

"ಬೆಳಿಗ್ಗೆ ಬೇಗ ಎದ್ದು ಹಾಡುತ್ತೇನೆ" ಎನ್ನುವುದು ಗಾಳಿಯಲ್ಲಿರುವ ಮಾತು. ದಿನವೂ ತಪ್ಪದೆ ನಡೆಯುವ ಕೆಲಸವೊಂದನ್ನು ಹುಡುಕಿ ಅದಕ್ಕೆ ಕಟ್ಟಬೇಕು. ನಮ್ಮ ಮನೆಯಲ್ಲಿ ತಪ್ಪದ ಕೆಲಸ ಹಾಲು ಕಾಯಿಸುವುದು. ಹಾಗಾಗಿ: "ಹಾಲು ಉಕ್ಕಿ ಒಲೆ ಆರಿಸಿದ ತಕ್ಷಣ, ದೇವರ ಕೋಣೆಯ ಪಕ್ಕದ ಚಾಪೆಯ ಮೇಲೆ ಕೂತು ತಂಬೂರಿ ಆ್ಯಪ್ ಹಾಕುತ್ತೇನೆ." ಜರ್ಮನಿಯ ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಜರ್ ಇಂಥ "ಹೀಗಾದಾಗ ಹೀಗೆ ಮಾಡುತ್ತೇನೆ" ಎಂಬ ಸಂಕಲ್ಪಗಳ ಬಗ್ಗೆ ತುಂಬಾ ಕೆಲಸ ಮಾಡಿದ್ದಾರೆ. ಯಾವಾಗ, ಎಲ್ಲಿ, ಹೇಗೆ ಎಂದು ಮೊದಲೇ ಗೊತ್ತುಮಾಡಿಕೊಂಡವರು ಬರೀ ಗುರಿ ಇಟ್ಟುಕೊಂಡವರಿಗಿಂತ ಹೆಚ್ಚು ಸಲ ಅದನ್ನು ನಡೆಸುತ್ತಾರೆ.

ಅಡ್ಡಿಗಳಿಗೂ ಹೀಗೇ ಬರೆದಿಡಿ. ಗಂಟಲು ಕೆಟ್ಟರೆ ಹಾಡುವುದಿಲ್ಲ, ಆದರೆ ಅದೇ ಚಾಪೆಯ ಮೇಲೆ ಕೂತು ಕೈಯಲ್ಲಿ ತಾಳ ಹಾಕುತ್ತಾ ಸ್ವರಗಳನ್ನು ಮನಸ್ಸಿನಲ್ಲೇ ಹೇಳುತ್ತೇನೆ. ನೆಂಟರು ಬಂದಿದ್ದರೆ ಟೆರೇಸಿನಲ್ಲಿ ಮೂರು ನಿಮಿಷ ಷಡ್ಜ (ಸ) ಮಾತ್ರ ಹಿಡಿಯುತ್ತೇನೆ. ಕೆಟ್ಟ ಶೀತದಲ್ಲಿ ಹಟಕ್ಕೆ ಬಿದ್ದು ಹಾಡಿ ಧ್ವನಿ ಹಾಳುಮಾಡಿಕೊಂಡವರನ್ನು ನೋಡಿದ್ದೇನೆ. ಆ ದಿನ ಮೌನದ ಅಭ್ಯಾಸವೇ ಸರಿಯಾದ ಅಭ್ಯಾಸ.

ದುಡ್ಡಿನ ವಿಷಯ ಒಂದೇ ಮಾತು: ಮೊದಲ ಮೂರು ತಿಂಗಳು ಏನನ್ನೂ ಕೊಳ್ಳಬೇಡಿ. ಫೋನಿನ ತಂಬೂರಿ, ಒಂದು ನೋಟ್‌ಬುಕ್ ಸಾಕು.

5. ಮೂರನೇ ತಿಂಗಳ ಮೋಸ

ಹೆಚ್ಚಿನವರು ಬಿಡುವುದು ಮೂರನೇ ತಿಂಗಳಲ್ಲಿ. ಬೇಸರದಿಂದ ಬಿಡುತ್ತಾರೆ ಎಂದು ನಾನೂ ಅಂದುಕೊಂಡಿದ್ದೆ. ಹತ್ತಿರದಿಂದ ನೋಡಿದರೆ ಕಾರಣ ಬೇರೆ. ಕಿವಿ ಗಂಟಲಿಗಿಂತ ಬೇಗ ಕಲಿಯುತ್ತದೆ. ಮೊದಲ ತಿಂಗಳಲ್ಲಿ ನಿಮ್ಮ ಗಾಂಧಾರ (ಗ) ತಗ್ಗಿದೆ ಎಂದು ನಿಮಗೇ ಗೊತ್ತಾಗುವುದಿಲ್ಲ, ಹಾಗಾಗಿ ಖುಷಿಯಾಗಿರುತ್ತೀರಿ. ಮೂರನೇ ತಿಂಗಳಿಗೆ ಕಿವಿ ಪಳಗಿ, ಪ್ರತಿ ತಪ್ಪೂ ಮುಳ್ಳಿನಂತೆ ಚುಚ್ಚುತ್ತದೆ. "ಮೊದಲೇ ಚೆನ್ನಾಗಿ ಹಾಡ್ತಿದ್ದೆ, ಈಗ ಕೆಟ್ಟುಹೋಯಿತು" ಅನ್ನಿಸುತ್ತದೆ. ನಿಜದಲ್ಲಿ ನೀವು ಮುಂದೆ ಬಂದಿರುತ್ತೀರಿ, ಆದರೆ ಮುಂದೆ ಬಂದದ್ದೇ ಹಿಂದೆ ಬಿದ್ದ ಹಾಗೆ ಕೇಳಿಸುತ್ತದೆ.

ಇದಕ್ಕೆ ಮದ್ದು ಧ್ವನಿಮುದ್ರಣ. ಪ್ರತಿ ತಿಂಗಳ ಒಂದನೇ ತಾರೀಖು ಒಂದೇ ವರಸೆಯನ್ನು, ಒಂದೇ ಶ್ರುತಿಗೆ (ಸ ಹಿಡಿಯುವ ಎತ್ತರಕ್ಕೆ), ಒಂದೇ ವೇಗದಲ್ಲಿ ಫೋನಿನಲ್ಲಿ ರೆಕಾರ್ಡ್ ಮಾಡಿ. ನನ್ನದು ಮೊದಲ ಸರಳೆ, ಎರಡು ಕಾಲ. ಮಾಡಿದ ದಿನ ಕೇಳಬೇಡಿ. ಮನಸ್ಸು ಕುಗ್ಗಿದ ದಿನ ಮೊದಲನೆಯದನ್ನೂ ಕೊನೆಯದನ್ನೂ ಒಂದರ ಹಿಂದೆ ಒಂದು ಕೇಳಿ. ನಾನು ಆಷಾಢದ ಒಂದು ಸಂಜೆ ಹಾಗೆ ಕೇಳಿದೆ. ಚೈತ್ರದ ರೆಕಾರ್ಡಿನಲ್ಲಿ ಮೇಲಿನ ಷಡ್ಜಕ್ಕೆ ಹೋಗುವ ಮೊದಲು ಒಂದು ಸಣ್ಣ ಉಸಿರು ಕಡಿತ ಇತ್ತು, ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದ ಹಾಗೆ. ಜೂನಿನದರಲ್ಲಿ ಅದು ಇರಲಿಲ್ಲ. ಅದು ಹೋಗಿದೆ ಎಂದು ಅಲ್ಲಿಯವರೆಗೆ ನನಗೆ ಗೊತ್ತೇ ಇರಲಿಲ್ಲ.

ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದೂ ಒಳ್ಳೆಯದು. ನಮ್ಮ ಮನೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಅಭ್ಯಾಸದ ದಿನಕ್ಕೆ ಒಂದು ಸಣ್ಣ "ಸ" ಬರೆಯುತ್ತಿದ್ದೆ. ಆದರೆ ಗುರುತು ಎಷ್ಟು ದಿನ ಕೂತೆ ಎಂದು ಮಾತ್ರ ಹೇಳುತ್ತದೆ. ಏನು ಬಂತು ಎಂದು ಹೇಳುವುದು ರೆಕಾರ್ಡು. ಎರಡರಲ್ಲಿ ಒಂದನ್ನೇ ಇಟ್ಟುಕೊಳ್ಳುವುದಾದರೆ ರೆಕಾರ್ಡನ್ನು ಇಟ್ಟುಕೊಳ್ಳಿ.

6. ತಪ್ಪಿದ ಮೇಲೆ ಮರಳುವ ದಾರಿಯನ್ನು ಮೊದಲೇ ಹಾಕಿಡಿ

ಮೊದಲ ಸಲ ನಾನು ನಿಲ್ಲಿಸಿದ್ದು ಹೀಗೆ. ತಂಗಿಯ ಮದುವೆಗೆ ಹತ್ತು ದಿನ ತಪ್ಪಿತು. ಮರಳಿ ಬಂದ ಮೇಲೆ ಅಭ್ಯಾಸವಿಲ್ಲದೆ ಪಾಠಕ್ಕೆ ಹೋಗುವುದು ಹೇಗೆ ಎಂದು ಒಂದು ತರಗತಿ ತಪ್ಪಿಸಿದೆ. ಎರಡು ದಿನ ಅಭ್ಯಾಸ ಮಾಡಿ ಹೋಗೋಣ ಎಂದು ಇನ್ನೊಂದು ತಪ್ಪಿಸಿದೆ. ಆಮೇಲೆ ತಿಂಗಳಾಯಿತು, ಈಗ ಏನೆಂದು ಹೇಳಿ ಮುಖ ತೋರಿಸಲಿ ಎಂದಾಯಿತು. ಮಾರುಕಟ್ಟೆಯಲ್ಲಿ ಆಗಿನ ಗುರುಗಳು ಎದುರು ಬಂದರೆ ಪಕ್ಕದ ಸಾಲಿಗೆ ತಿರುಗಿಬಿಡುತ್ತಿದ್ದೆ. ಸಂಗೀತವನ್ನು ನನ್ನಿಂದ ದೂರ ಮಾಡಿದ್ದು ಆ ಹತ್ತು ದಿನವಲ್ಲ, ಆ ಸಂಕೋಚ.

ತಪ್ಪಿದ ಒಂದು ದಿನಕ್ಕೆ ಅಷ್ಟು ಶಕ್ತಿಯೇ ಇಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿ, 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೊಸ ಕೆಲಸವೊಂದು ಅಭ್ಯಾಸವಾಗಲು ಹಿಡಿದ ಕಾಲ ಸುಮಾರು 66 ದಿನ. ಕೆಲವರಿಗೆ 18 ದಿನವೇ ಸಾಕಾಯಿತು, ಕೆಲವರಿಗೆ 254 ದಿನ ಬೇಕು ಎಂಬ ಅಂದಾಜು ಬಂತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. 21 ದಿನದಲ್ಲಿ ಅಭ್ಯಾಸ ಕೂರುತ್ತದೆ ಎಂಬ ಮಾತನ್ನು ನಂಬಿ 22ನೇ ದಿನವೂ ಕಷ್ಟವಾದರೆ ನಿಮ್ಮನ್ನು ನೀವು ಬೈದುಕೊಳ್ಳಬೇಡಿ.

ಎರಡನೇ ಸಲ ನಾನು ಮಾಡಿದ ಅತ್ಯಂತ ಉಪಯುಕ್ತ ಕೆಲಸವೆಂದರೆ, ಸೇರಿದ ವಾರವೇ ಒಂದು ಸಂದೇಶವನ್ನು ಬರೆದು ಫೋನಿನಲ್ಲಿ ಉಳಿಸಿಟ್ಟದ್ದು: "ಮೇಡಂ, ಕೆಲವು ದಿನದಿಂದ ಅಭ್ಯಾಸ ಆಗಿಲ್ಲ. ಆದರೂ ನಾಳೆ ಪಾಠಕ್ಕೆ ಬರ್ತೀನಿ." ಕಾರಣ ಇಲ್ಲ, ಕ್ಷಮೆ ಇಲ್ಲ. ಭಾದ್ರಪದದಲ್ಲಿ ಅತ್ತೆ ಆಸ್ಪತ್ರೆಯಲ್ಲಿದ್ದಾಗ ಹದಿನಾರು ದಿನ ತಪ್ಪಿತು. ಹದಿನೇಳನೇ ದಿನ ರಾತ್ರಿ ಆ ಸಂದೇಶ ಕಳಿಸಿದೆ. ಉತ್ತರ ಬಂತು: "ಬನ್ನಿ. ಸರಳೆಯಿಂದ ಒಂದು ಸುತ್ತು ಹಾಕೋಣ."

ಆ ಉತ್ತರದಲ್ಲಿ ಒಂದು ಉಪಾಯವೂ ಇದೆ. ಮರಳಿದ ದಿನ ಬಿಟ್ಟ ಜಾಗದಿಂದ ಶುರು ಮಾಡಬೇಡಿ. ಎರಡು ಮೆಟ್ಟಿಲು ಕೆಳಗಿಳಿದು, ಸುಲಭವಾಗಿ ಬರುವುದನ್ನು ಹಾಡಿ. ತಪ್ಪಿದ ನಿಮಿಷಗಳನ್ನು ತುಂಬಿಕೊಡಲು ದಿನಕ್ಕೆ ಒಂದು ಗಂಟೆ ಕೂರುವ ಸಾಹಸ ಮಾಡಿದರೆ ಮೂರನೇ ದಿನ ಮತ್ತೆ ತಪ್ಪುತ್ತದೆ. ಮೊದಲೇ ಇಟ್ಟಿದ್ದ ಮೀಸಲು ತಿಂಗಳು ಇರುವುದು ಇದಕ್ಕೇ.

7. ಯಾರಿಗೆ ಹೇಳಬೇಕು

ಎಲ್ಲರಿಗೂ ಬೇಡ. ಗೋಲ್‌ವಿಟ್ಜರ್ ಮತ್ತು ಸಂಗಡಿಗರ 2009ರ ಇನ್ನೊಂದು ಅಧ್ಯಯನದಲ್ಲಿ, ತಮ್ಮ ಸಂಕಲ್ಪವನ್ನು ಬೇರೆಯವರು ಗಮನಿಸಿದ್ದಾರೆ ಎಂದು ತಿಳಿದ ವಿದ್ಯಾರ್ಥಿಗಳು ಆಮೇಲೆ ಅದಕ್ಕಾಗಿ ಪಟ್ಟ ಶ್ರಮ ಕಡಿಮೆಯಾಗಿತ್ತು. "ಸಂಗೀತ ಕಲೀತಿದ್ದಾರಂತೆ" ಅನ್ನಿಸಿಕೊಂಡ ತಕ್ಷಣ ಅರ್ಧ ಕಲಿತ ತೃಪ್ತಿ ಸಿಕ್ಕಿಬಿಡುತ್ತದೆ. ಸ್ಟೇಟಸ್ಸಿಗೆ ಹಾಕುವ ಬದಲು ಇಬ್ಬರಿಗೆ ಹೇಳಿ: ಆ ಹೊತ್ತಿನಲ್ಲಿ ಮನೆಯ ಕೆಲಸಕ್ಕೆ ಹೆಗಲು ಕೊಡುವ ಒಬ್ಬರಿಗೆ, ಜೊತೆಯಲ್ಲೇ ಕಲಿಯುತ್ತಿರುವ ಇನ್ನೊಬ್ಬರಿಗೆ. ನನ್ನ ಜೊತೆಗಾತಿ ಪ್ರತಿ ಶನಿವಾರ ವಾರದ ತುತ್ತನ್ನು ವಾಯ್ಸ್ ಮೆಸೇಜಿನಲ್ಲಿ ಕಳಿಸುತ್ತಿದ್ದಳು, ನಾನೂ ಕಳಿಸುತ್ತಿದ್ದೆ. ಹೊಗಳಿಕೆ, ತಿದ್ದುಪಡಿ ಎರಡೂ ಬೇಡ ಎಂದು ಮೊದಲೇ ಮಾತಾಗಿತ್ತು. ಬಂತು ಎಂದು ಒಂದು ಗುರುತು ಹಾಕಿದರೆ ಸಾಕಿತ್ತು.

ಇನ್ನೊಂದು ಮಾತು: ಅದೇ ವರ್ಷ ಯೋಗ, ತೂಕ ಇಳಿಸುವುದು, ಇಂಗ್ಲಿಷ್ ಕೋರ್ಸ್ ಎಲ್ಲವನ್ನೂ ಹಚ್ಚಿಕೊಳ್ಳಬೇಡಿ. 25 ನಿಮಿಷ ಎಲ್ಲಿಂದಲೋ ಹುಟ್ಟುವುದಿಲ್ಲ, ಬೇರೊಂದರಿಂದ ತೆಗೆಯಬೇಕು. ನಾನು ತೆಗೆದದ್ದು ಬೆಳಗಿನ ಫೋನ್ ನೋಡುವ ಹೊತ್ತನ್ನು.

8. ಹತ್ತಿರ ಬಂದಾಗ

ಕಾರ್ತಿಕದಲ್ಲಿ ಗೀತೆಗಳಿಗೆ ಬಂದೆವು. ಪಿಳ್ಳಾರಿ ಗೀತೆಗಳ ರಾಗ ಮಲಹರಿ, ಮಾಯಾಮಾಳವಗೌಳದ ಜನ್ಯ, ಅಂದರೆ ಅದರಿಂದ ಹುಟ್ಟಿದ ರಾಗ. ಸ್ವರ ಏರುವ ಆರೋಹಣದಲ್ಲಿ ಗಾಂಧಾರ ಇಲ್ಲ, ನಿಷಾದವಂತೂ (ನಿ) ಏರುವಾಗಲೂ ಇಳಿಯುವಾಗಲೂ ಇಲ್ಲ. ಏಳು ತಿಂಗಳು ಹಾಡಿದ ಸ್ವರಗಳೇ, ಕೆಲವನ್ನು ಬಿಟ್ಟು ಹಾಡಿದರೆ ಸಾಕು. "ಕೆರೆಯ ನೀರನು ಕೆರೆಗೆ ಚೆಲ್ಲಿ" ತ್ರಿಪುಟ ತಾಳದಲ್ಲಿದೆ: ಮೂರು, ಎರಡು, ಎರಡು, ಒಟ್ಟು ಏಳು ಅಕ್ಷರ. ಆ ಏಳನ್ನು ಅಲಂಕಾರದಲ್ಲಿ ಆಗಲೇ ನೂರಾರು ಸಲ ಹಾಕಿದ್ದರಿಂದ ಕೈ ತನ್ನ ಪಾಡಿಗೆ ತಾನು ನಡೆಯಿತು, ನಾನು ಸಾಹಿತ್ಯ ನೋಡಿಕೊಂಡರೆ ಸಾಕಾಯಿತು. ಇಷ್ಟು ಬೇಗ ಬಂದದ್ದಕ್ಕೆ ನನಗೇ ಆಶ್ಚರ್ಯ. ಮೇಡಂಗೆ ಆಶ್ಚರ್ಯವಾಗಲಿಲ್ಲ.

ಕೊನೆಯ ವಾರಗಳಲ್ಲಿ ಮಾಡಬೇಕಾದ್ದು ಸ್ವಲ್ಪವೇ. ಆ ದಿನ ಇರುವ ಪರಿಸ್ಥಿತಿಯಲ್ಲಿ ಹಾಡಿ ನೋಡಿ: ಗೋಷ್ಠಿಯ ಶ್ರುತಿ ನಿಮ್ಮ ಶ್ರುತಿಯೇ ಆಗಿರುವುದಿಲ್ಲ, ಅದನ್ನು ಮೊದಲೇ ಕೇಳಿ ತಿಳಿದುಕೊಂಡು ಆ ಶ್ರುತಿಯಲ್ಲೇ ಅಭ್ಯಾಸ ಮಾಡಿ. ಸುತ್ತ ಗದ್ದಲವಿರುವಾಗ ಹಾಡಿ. ನಡುವೆ ಸಾಹಿತ್ಯ ಮರೆತರೆ ತಾಳ ನಿಲ್ಲಿಸದೆ ಮುಂದಿನ ಆವರ್ತಕ್ಕೆ, ಅಂದರೆ ತಾಳದ ಮುಂದಿನ ಸುತ್ತಿಗೆ, ಸೇರಿಕೊಳ್ಳುವುದನ್ನು ಬೇಕೆಂದೇ ಅಭ್ಯಾಸ ಮಾಡಿ. ನಾನು ಮೂರನೇ ಗೀತೆಯಲ್ಲಿ ಒಂದು ಸಾಲು ಮರೆತೆ, ಕೈ ನಿಲ್ಲಲಿಲ್ಲ, ಸೇರಿಕೊಂಡೆ. ಅಮ್ಮ ನನ್ನ ಎಡಗಡೆ ಕೂತಿದ್ದಳು, ಅವಳು ಆ ಸಾಲನ್ನು ನನ್ನ ಕಡೆ ಸ್ವಲ್ಪ ವಾಲಿ ಜೋರಾಗಿ ಹೇಳಿದಳು.

ಮಾರನೇ ದಿನವೇ ಮುಂದಿನ ಗುರಿ ಬರೆಯಬೇಡಿ. ಎರಡು ವಾರ ಗುರಿಯಿಲ್ಲದೆ, ಮೆಟ್ರೊನೋಮ್ ಇಲ್ಲದೆ, ಮನಸ್ಸಿಗೆ ಬಂದದ್ದನ್ನು ಹಾಡಿ. ಚಾಪೆ ಮತ್ತು ಹಾಲಿನ ಹೊತ್ತು ಮಾತ್ರ ಹಾಗೇ ಇರಲಿ. ಮುಂದೇನು ಬೇಕು ಎಂಬುದು ಆ ದಿನಗಳಲ್ಲಿ ತಾನಾಗಿ ಬಾಯಿಗೆ ಬರುವ ಹಾಡಿನಿಂದ ಗೊತ್ತಾಗುತ್ತದೆ. ನನಗೆ ಗೊತ್ತಾದದ್ದು ಮೋಹನ ರಾಗದ ವರ್ಣ, ಅಂದರೆ ಗೀತೆಗಳಿಗಿಂತ ದೊಡ್ಡ ಪಾಠ, ಬೇಕೆಂದು. ಉಗಾದಿಗೆ ಇನ್ನು ಒಂದು ತಿಂಗಳಿದೆ, ಹಾಳೆ ತೆಗೆದಿಟ್ಟಿದ್ದೇನೆ.